ತಳ ಮುಟ್ಟುವ ಸದ್ದು

ಹೋದ ವರ್ಷದ ಮಳೆಗಾಲ, ಆಟಿ ತಿಂಗಳಲ್ಲಿ ಒಂದು ಗೃಹಪ್ರವೇಶದ ಕಾಗದ ಟೈಪ್ ಮಾಡಿಕೊಟ್ಟಿದ್ದೆ. ಸೋಣ ತಿಂಗಳಿನ ಕಾರ್ಯಕ್ರಮ, 400 ಪ್ರತಿ. ಕರಡು ಎರಡು ಸಲ ಓದಿದ್ದೆ, ಮನೆಯವರೂ ಓದಿ ಒಪ್ಪಿದ್ದರು. ಕೊನೆಯ ಗಳಿಗೆಯಲ್ಲಿ ಊಟದ ಸಮಯ ಬದಲಾಯಿತು. ಆ ಒಂದು ಸಾಲನ್ನು ತಿದ್ದಿ ಕಳುಹಿಸಿದೆ. ಅಚ್ಚಾಗಿ ಬಂದ ಕಾಗದದಲ್ಲಿ ‘ಆಗಮಿಸಿ’ ಎಂದಿರಬೇಕಾದಲ್ಲಿ ‘ಆಗಮಮಿಸಿ’ ಎಂದಿತ್ತು.

ಆ ಮನೆಯವರು ಒಂದು ಮಾತೂ ಆಡಲಿಲ್ಲ. "ಓದುವವರಿಗೆ ಅರ್ಥ ಆಗ್ತದಲ್ಲ, ಬಿಡಿ" ಎಂದರು. ನನಗೆ ಬಿಡಲಾಗಲಿಲ್ಲ. ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಬದಿಯಡ್ಕದ ಈ ಬದಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಕೊಡುವವರು ಎಷ್ಟು ಜನ ಇದ್ದೇವೆ? ಮಲೆಯಾಳದ ನಡುವೆ ಕನ್ನಡದ ಒಂದು ಕಾಗದ ಮನೆಗೆ ಬಂದರೆ ಹಿರಿಯರು ಅದನ್ನು ಪೂರ್ತಿ ಓದುತ್ತಾರೆ, ಒಳ್ಳೆಯದಿದ್ದರೆ ದೇವರ ಪಟದ ಹಿಂದೆ ತೆಗೆದಿಡುತ್ತಾರೆ. ಅಂಥದ್ದರಲ್ಲಿ ಒಂದು ಅಕ್ಷರ ಎರಡಾಗಬಾರದು.

ಒತ್ತಿದ್ದು ಒಂದೇ ಸಲ, ಬಿದ್ದದ್ದು ಎರಡು. ತಪ್ಪು ಬೆರಳಿನದಲ್ಲ, ಕೀಬೋರ್ಡಿನದು. ಆರು ವರ್ಷ ದುಡಿದ ಮೆಕ್ಯಾನಿಕಲ್ ಕೀಬೋರ್ಡ್ ಅದು. ಅಂಥ ಸ್ವಿಚ್ಚಿನ ಒಳಗೆ ತೆಳ್ಳಗಿನ ಲೋಹದ ಎರಡು ಎಸಳು ಇರುತ್ತವೆ. ಕೀಲಿ ಒತ್ತಿದಾಗ ಒಂದು ಹೋಗಿ ಇನ್ನೊಂದನ್ನು ಮುಟ್ಟಬೇಕು, ಆಗ ಅಕ್ಷರ ಮೂಡುತ್ತದೆ. ಆ ಮುಟ್ಟುವ ಜಾಗದಲ್ಲಿ ಧೂಳೋ ತುಕ್ಕಿನ ಪೊರೆಯೋ ಕೂತರೆ ಎಸಳುಗಳು ನಡುಗಿ, ಮುಟ್ಟಿ ಬಿಟ್ಟು ಮತ್ತೆ ಮುಟ್ಟುತ್ತವೆ. ಕಂಪ್ಯೂಟರಿಗೆ ಅದು ಎರಡು ಸಲ ಒತ್ತಿದ ಲೆಕ್ಕ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಡಬ್ಬಿಯಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಚೆಂಡೆಯ ಚರ್ಮ ಇಳಿದು ಶ್ರುತಿ ಬಿಡುತ್ತದೆ. ಲೋಹ ಲೋಹವನ್ನು ಮುಟ್ಟಿಯೇ ಕೆಲಸ ಆಗಬೇಕಾದ ಸಾಮಾನಿಗೆ ಇದು ಕಷ್ಟದ ಊರು.

ಆ ದಿನಗಳಲ್ಲೇ ಅಕ್ಕನ ಮಗ ಮಂಗಳೂರಿನಿಂದ ಬಂದಿದ್ದ. ಕಾಲೇಜಿಗೆ ಹೋಗುವ ಹುಡುಗ, ಕಂಪ್ಯೂಟರ್ ಆಟದ ಹುಚ್ಚು. ಚೀಲದಲ್ಲಿ ಅವನ ಕೀಬೋರ್ಡೂ ಇತ್ತು. ನನ್ನ ಸಂಕಟ ಕೇಳಿ ಅದನ್ನು ನನ್ನ ಮೇಜಿನ ಮೇಲಿಟ್ಟ. "ಮಾವ, ಇದರ ಒತ್ತುದು ಬೇಡ, ಮುಟ್ಟಿರೆ ಸಾಕು."

ನಿಜವಾಗಿಯೂ ಮುಟ್ಟಿದರೆ ಸಾಕಾಗುತ್ತಿತ್ತು. ‘ಯಕ್ಷಗಾನ’ ಎಂದು ಬರೆಯಹೊರಟರೆ ನಡುವೆ ಬೇಡದ ನಾಲ್ಕು ಅಕ್ಷರ ಚೆಲ್ಲಿದವು. ಬೆರಳನ್ನು ಕೀಲಿಯ ಮೇಲೆ ವಿಶ್ರಾಂತಿಗೆ ಇಟ್ಟರೂ ಅಕ್ಷರ. ಆದರೆ ಒಂದು ವಿಷಯ ಆ ಗಳಿಗೆಯಲ್ಲೇ ಮನಸ್ಸಿಗೆ ನಾಟಿತು: ಈ ಸ್ವಿಚ್ಚಿನೊಳಗೆ ಲೋಹದ ಎಸಳುಗಳೇ ಇಲ್ಲ. ಇದು ಆಯಸ್ಕಾಂತದ ಸ್ವಿಚ್ಚು.

ಅದರ ಕೆಲಸ ಹೀಗೆ. ಕೀಲಿಯ ಕೆಳಗಿನ ಕಾಂಡದ ಬುಡದಲ್ಲಿ ಪುಟ್ಟದೊಂದು ಆಯಸ್ಕಾಂತ ಕೂತಿದೆ. ಕೆಳಗಿನ ಹಲಗೆಯಲ್ಲಿ, ಪ್ರತಿ ಕೀಲಿಗೂ ಒಂದರಂತೆ, ಸಂವೇದಕ ಇದೆ. ಕೀಲಿ ಇಳಿದಂತೆ ಆಯಸ್ಕಾಂತ ಹತ್ತಿರವಾಗುತ್ತದೆ, ಸಂವೇದಕದಲ್ಲಿ ವೋಲ್ಟೇಜು ಬದಲಾಗುತ್ತದೆ. ಕೀಲಿ ಎಷ್ಟು ಇಳಿದಿದೆ ಎಂಬುದು ಹಾಗೆ ಗೊತ್ತಾಗುತ್ತದೆ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಇದರ ಮೂಲತತ್ವವನ್ನು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಹಿಡಿದರು. ಅದಕ್ಕೇ ಅದನ್ನು ಹಾಲ್ ಪರಿಣಾಮ ಎನ್ನುವುದು. ಕೀಬೋರ್ಡಿಗೆ ಅದು ಬಂದದ್ದೂ ಇತ್ತೀಚೆಗಲ್ಲ. 1960ರ ದಶಕದ ಕೊನೆಗೇ ಹನಿವೆಲ್ ಕಂಪೆನಿ ಅಂಥ ಕೀಬೋರ್ಡುಗಳನ್ನು ಮಾಡಿತ್ತು. ದುಬಾರಿಯಾದ್ದರಿಂದ ಮನೆಮನೆಗೆ ಬರಲಿಲ್ಲ. ಈಚಿನ ವರ್ಷಗಳಲ್ಲಿ ನೆದರ್ಲೆಂಡ್ಸಿನ ವೂಟಿಂಗ್ ಎಂಬ ಕಂಪೆನಿ ಆಟದ ಹುಡುಗರಿಗಾಗಿ ಅದನ್ನು ಮತ್ತೆ ಎತ್ತಿಕೊಂಡಿತು. ಅವರ ಸ್ವಿಚ್ಚಿನ ಹೆಸರು ಲೆಕ್ಕರ್. ಡಚ್ ಭಾಷೆಯಲ್ಲಿ ಹಾಗೆಂದರೆ ರುಚಿಯಾದದ್ದು, ಹಿತವಾದದ್ದು. ಆ ಹೆಸರಿಟ್ಟವರಿಗೆ ಬೆರಳಿನ ರುಚಿ ಗೊತ್ತಿದ್ದಿರಬೇಕು ಎಂದು ನನಗನ್ನಿಸುತ್ತದೆ.

ಜಾಹೀರಾತುಗಳಲ್ಲಿ ಮಾತ್ರ ರುಚಿಯ ಮಾತಿಲ್ಲ, ವೇಗದ್ದೇ. 0.1 ಮಿಲಿಮೀಟರ್ ಇಳಿದರೆ ಸಾಕು, ಅಷ್ಟೇ ಎತ್ತಿದರೆ ಸಾಕು. ಆಟದಲ್ಲಿ ಓಡಲು, ನಿಲ್ಲಲು ಅದು ಬೇಕು. ಬರೆಯುವವನಿಗೆ ಅದರಿಂದ ಲಾಭವಿಲ್ಲ, ಉಪದ್ರವೇ ಹೆಚ್ಚು. ನಾನು ಅಳಿಯನನ್ನು ಕೂರಿಸಿ ತಂತ್ರಾಂಶ ತೆರೆಸಿ ಅಕ್ಷರ ಬೀಳುವ ಆ ಆಳವನ್ನು 1.8 ಮಿಲಿಮೀಟರಿಗೆ ಇಳಿಸಿಕೊಂಡೆ. ಆ ಮೇಲೆ ಬರೆದ ಮೊದಲ ಪುಟದಲ್ಲೇ ತಿಳಿಯಿತು, ಇದು ನನ್ನ ಕೆಲಸದ ಸಾಮಾನು ಎಂದು.

ಯಾಕೆಂದರೆ ಆಳವನ್ನು ಒಂದೊಂದು ಕೀಲಿಗೆ ಒಂದೊಂದು ಬಗೆಯಲ್ಲಿ ಇಟ್ಟುಕೊಳ್ಳಬಹುದು. ಇಂಗ್ಲಿಷ್ ಬರೆಯುವವರಿಗೆ ಇದು ಅಷ್ಟೇನೂ ದೊಡ್ಡ ವಿಷಯವಲ್ಲ. ಕನ್ನಡ ಬರೆಯುವವರಿಗೆ ದೊಡ್ಡದು. ನಾನು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಅವರು ನಮ್ಮ ನೆರೆಯ, ಮಂಗಳೂರು ಬಳಿಯ ಕಿನ್ನಿಕಂಬಳದವರು, ಅದು ನನಗೆ ಹೆಮ್ಮೆ. ಆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ, ದೀರ್ಘಕ್ಕೆ, ಮಹಾಪ್ರಾಣಕ್ಕೆ, ಸೊನ್ನೆಗೆ ಶಿಫ್ಟ್. ‘ಶ್ರೀಕೃಷ್ಣ’ ಎಂದು ಬರೆದು ಎಣಿಸಿ ನೋಡಿ. ಒಂಬತ್ತು ಅಕ್ಷರಕೀಲಿ, ಅದರಲ್ಲಿ ಎಫ್ ಎರಡು ಸಲ, ಜೊತೆಗೆ ಶಿಫ್ಟ್ ಹಿಡಿಯಬೇಕಾದದ್ದು ನಾಲ್ಕು ಸಲ. ‘ರಾಷ್ಟ್ರಕವಿ’ಗೆ ಮತ್ತೆ ಎರಡು ಎಫ್. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಒಂದು ಪುಟದ ಲೇಖನ ಹೊಡೆಯುವಷ್ಟರಲ್ಲಿ ಎಡಗೈಯ ಕಿರುಬೆರಳು ಸೋತಿರುತ್ತದೆ. ಸಂಜೆ ಅದರ ಬುಡದ ಗಂಟು ನೋಯುವುದು ನನಗೆ ಹತ್ತು ವರ್ಷದಿಂದ ಅಭ್ಯಾಸವಾಗಿಬಿಟ್ಟಿತ್ತು.

ಈಗ ಎರಡೂ ಶಿಫ್ಟಿನ ಆಳ 1.0, ಎಫ್ ಕೀಲಿಯದು 1.4, ಸ್ಪೇಸ್ ಬಾರಿನದು 2.2, ಮಿಕ್ಕದ್ದೆಲ್ಲ 1.8. ಕಿರುಬೆರಳು ಪೂರ್ತಿ ಇಳಿಯುವ ಮೊದಲೇ ಶಿಫ್ಟ್ ಹಿಡಿದಿರುತ್ತದೆ. ದೀರ್ಘ ಬರಬೇಕಾದಲ್ಲಿ ಹ್ರಸ್ವ ಬೀಳುವ ತಪ್ಪು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಈ ಸಂಖ್ಯೆಗಳಿಗೆ ಬರಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ದಿನಕ್ಕೊಂದು ಕೀಲಿ ತಿದ್ದುವುದು, ಬರೆದು ನೋಡುವುದು. ನಿಮ್ಮ ಬೆರಳಿಗೆ ಬೇರೆಯೇ ಆದೀತು.

ಕೈಗೆ ಒಗ್ಗಿತು. ಕಿವಿಗೆ ಒಗ್ಗಲಿಲ್ಲ.

ಅಳಿಯ ಹಿಂದೆ ಹೋದ ಮೇಲೆ ನಾನೇ ಅಂಥದೊಂದು 68 ಕೀಲಿಯ ಕೀಬೋರ್ಡ್ ಹಲಗೆ ತರಿಸಿಕೊಂಡೆ, ಸ್ವಿಚ್ಚು ಬದಲಾಯಿಸಬಹುದಾದಂಥದ್ದು. ಅದರ ಜೊತೆ ಬಂದ ಸ್ವಿಚ್ಚುಗಳ ತಳ ತೆರೆದಿತ್ತು. ಕಾಂಡ ಸುಮಾರು 4 ಮಿಲಿಮೀಟರ್ ಇಳಿದು ನಿಲ್ಲುತ್ತಿತ್ತು. ಆ ನಿಲ್ಲುವ ಸದ್ದು ತಗಡಿನ ಡಬ್ಬದ ಮೇಲೆ ಉಗುರು ಬಡಿದ ಹಾಗೆ, ಕಟ ಕಟ ಕಟ. ನಮ್ಮದು ಹಳೆಯ ಮನೆ. ನಾನು ಕೂರುವ ಕೋಣೆಗೂ ಅಬ್ಬೆ ಮಲಗುವ ಕೋಣೆಗೂ ನಡುವೆ ಇರುವುದು ಹಲಗೆಯ ಗೋಡೆ. ಮೂರನೆಯ ರಾತ್ರಿ ಆಚೆಯಿಂದ ಕೇಳಿತು: "ಮಗಾ, ಆ ಕಟಕಟಂದ ಎನಗೆ ಒರಕ್ಕೇ ಬತ್ತಿಲ್ಲೆ."

ಅಬ್ಬೆಗೆ ಎಂಬತ್ತೊಂದು. ಅವರ ನಿದ್ದೆ ದೊಡ್ಡದು. ಆದರೆ ನನಗೆ ಬರೆಯಲು ಸಿಗುವುದೂ ರಾತ್ರಿಯೇ. ಹಗಲಿಡೀ ಅರ್ಜಿ, ಪ್ರಶ್ನೆಪತ್ರಿಕೆ, ಆಮಂತ್ರಣ. ರಾತ್ರಿ ಒಂಬತ್ತರ ಮೇಲೆ ಅಪ್ಪನ ಪುಸ್ತಕಗಳು. ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದವರು, ಪಾತ್ರದ ಮಾತು ಕಟ್ಟುತ್ತಿದ್ದವರು. ನಲ್ವತ್ತು ವರ್ಷ ಬರೆದಿಟ್ಟ ಟಿಪ್ಪಣಿ, ಹನ್ನೊಂದು ನೋಟುಬುಕ್ಕು, ಶಾಯಿ ಮಾಸುತ್ತಾ ಇದೆ. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಇನ್ನು ಮುಂದೂಡುವ ಹಾಗಿಲ್ಲ.

ಹಾಗೆ ಸ್ವಿಚ್ಚಿನ ಸದ್ದನ್ನು ಹುಡುಕುತ್ತಾ ಹೊರಟೆ.

ಮೊದಲು ತಿಳಿದದ್ದು: ಆಯಸ್ಕಾಂತಕ್ಕೆ ಸದ್ದಿಲ್ಲ. ಸದ್ದು ಇರುವುದೆಲ್ಲ ಪ್ಲಾಸ್ಟಿಕ್ಕಿನಲ್ಲಿ, ಸ್ಪ್ರಿಂಗಿನಲ್ಲಿ, ಹಲಗೆಯಲ್ಲಿ. ಈ ಸ್ವಿಚ್ಚುಗಳು ಹೆಚ್ಚಾಗಿ ಎಲ್ಲವೂ ನೇರ ಇಳಿಯುವಂಥವು, ನಡುದಾರಿಯಲ್ಲಿ ಬೆರಳಿಗೆ ತಾಗುವ ಗಂಟು ಇರುವುದಿಲ್ಲ. ಹಾಗಾಗಿ ‘ಅಕ್ಷರ ಬಿತ್ತು’ ಎಂದು ಕೈಗೆ ಹೇಳುವುದು ಕೊನೆಯಲ್ಲಿ ತಳ ಮುಟ್ಟುವ ಆ ಒಂದು ಕ್ಷಣ ಮಾತ್ರ. ಅಲ್ಲಿ ಸಿಗುವ ಸ್ಪರ್ಶವೂ ಸದ್ದೂ ಒಂದೇ. ಅದು ಚೆನ್ನಾಗಿರದಿದ್ದರೆ ಮಿಕ್ಕದ್ದು ಎಷ್ಟು ಚೆನ್ನಾಗಿದ್ದರೂ ಬರೆಯುವ ಸುಖ ಇಲ್ಲ.

ನಮ್ಮಲ್ಲಿ ಹಲಸಿನಕಾಯಿ ಕೊಯ್ಯುವ ಮುಂಚೆ ಬಡಿದು ನೋಡುವುದುಂಟು. ಅಜ್ಜ ಕತ್ತಿಯ ಹಿಂಬದಿಯಿಂದ ಎರಡು ಸಲ ತಟ್ಟಿ ಕಿವಿ ಕೊಡುತ್ತಿದ್ದರು. ಎಳತಾದರೆ ಟಣ್ ಎಂದು ಮೇಲಿನ ಸದ್ದು. ಬೆಳೆದದ್ದಾದರೆ ಬೊದ್ ಎಂದು ಒಳಗಿನಿಂದ, ದಪ್ಪನೆಯ ಸದ್ದು. ಎರಡರ ನಡುವೆ ಒಂದು ಹದ ಉಂಟು, ಎರಡು ದಿನ ಇಟ್ಟರೆ ಹಣ್ಣಾಗುವಂಥದ್ದು. ಅದನ್ನು ಅಜ್ಜ ಬಾಯಲ್ಲಿ ಹೇಳಿಕೊಡಲಿಲ್ಲ, ನನ್ನ ಕೈ ಹಿಡಿದು ತಟ್ಟಿಸಿದರು. ಕೀಲಿಯ ಸದ್ದಿಗೂ ಇದೇ ಎರಡು ತುದಿ. ಗಟ್ಟಿ ಪ್ಲಾಸ್ಟಿಕ್ಕು, ತೆರೆದ ತಳ, ಲೋಹದ ತಟ್ಟೆ ಇದ್ದರೆ ಸದ್ದು ಟಣ್ ಕಡೆಗೆ ಹೋಗುತ್ತದೆ. ನೈಲಾನಿನಂಥ ಮೆದು ಒಡಲು, ಮುಚ್ಚಿದ ತಳ, ಕೆಳಗೆ ಫೋಮು ಇದ್ದರೆ ಬೊದ್ ಕಡೆಗೆ. ತೀರಾ ಬೊದ್ ಎಂದಾದರೂ ನನಗೆ ಆಗುವುದಿಲ್ಲ, ಬೆರಳು ಕೆಸರಿಗೆ ಇಳಿದ ಹಾಗೆ. ಬರೆಯುವವನಿಗೆ ಅಕ್ಷರ ಬಿದ್ದದ್ದು ಗೊತ್ತಾಗಬೇಕು.

ಅಂಗಡಿಯಲ್ಲಿ ಕೇಳಿ ಕೊಳ್ಳೋಣ ಎಂದರೆ ಕಾಸರಗೋಡಿನಲ್ಲಿ ಸಿಗಲಿಲ್ಲ. ಮಂಗಳೂರಿನಲ್ಲಿ ಪೆಟ್ಟಿಗೆ ಒಡೆಯಲು ಬಿಡುವುದಿಲ್ಲ. ವೀಡಿಯೋಗಳಲ್ಲಿ ಸದ್ದು ಕೇಳಬಹುದು, ಆದರೆ ಅದರಲ್ಲಿ ಅವರ ಮೈಕು, ಅವರ ಮೇಜು, ಅವರ ಕೋಣೆ ಎಲ್ಲ ಸೇರಿರುತ್ತದೆ. ಒಂಟಿ ಸ್ವಿಚ್ಚನ್ನು ಬೆರಳಲ್ಲಿ ಹಿಡಿದು ಒತ್ತಿದರೂ ಗೊತ್ತಾಗದು. ಹಲಗೆಯಲ್ಲಿ ಕೂರಿಸಿ, ಮೇಲೆ ಕೀಲಿಟೊಪ್ಪಿ ಹಾಕಿ, ನಮ್ಮ ಮೇಜಿನ ಮೇಲೆ, ನಮ್ಮ ವೇಗದಲ್ಲಿ ಒಂದು ಪುಟ ಬರೆದಾಗಲೇ ಅದರ ಸ್ವಂತ ದನಿ. ಹಾಗಾಗಿ ಹತ್ತು ಹತ್ತರ ಪೊಟ್ಟಣ ಮೂರು ಬಗೆಯದ್ದು ತರಿಸಿ, ಹೆಚ್ಚು ಬಳಸುವ ಸಾಲಿಗೆ ಮಾತ್ರ ಹಾಕಿ ನೋಡಿದೆ.

ಅದರಲ್ಲಿ ಒಂದು ಬಗೆ ಕೆಲಸವೇ ಮಾಡಲಿಲ್ಲ. ಕೀಲಿ ಒತ್ತಿದರೆ ಏನೂ ಇಲ್ಲ, ತಂತ್ರಾಂಶದಲ್ಲಿ ಆಳದ ಗೆರೆ ತಿರುವುಮುರುವು ಓಡುತ್ತಿತ್ತು. ಎರಡು ದಿನ ಹಲಗೆಯೇ ಹಾಳಾಯಿತೆಂದು ಗಾಬರಿಪಟ್ಟೆ. ವಿಷಯ ಇಷ್ಟೇ: ಆಯಸ್ಕಾಂತಕ್ಕೆ ಉತ್ತರ, ದಕ್ಷಿಣ ಎಂದು ಎರಡು ಮುಖ. ಕೆಲವು ಹಲಗೆಗಳಿಗೆ ಒಂದು ಮುಖ ಕೆಳಗೆ ಬೇಕು, ಕೆಲವಕ್ಕೆ ಇನ್ನೊಂದು. ಮೆಕ್ಯಾನಿಕಲ್ ಸ್ವಿಚ್ಚಿನ ಹಾಗೆ ಕಾಲು ಕೂತರೆ ಆಯಿತು ಎಂಬ ಲೆಕ್ಕ ಇಲ್ಲಿ ನಡೆಯದು. ಮಾರಿದವರ ಪುಟದಲ್ಲಿ ಆ ಮಾಹಿತಿ ಎಲ್ಲೂ ಇರಲಿಲ್ಲ, ವಾಪಸು ಮಾಡಲೂ ಒಪ್ಪಲಿಲ್ಲ. ನಮ್ಮಂಥವರಿಗೆ ಅದು ಸಣ್ಣ ಹಣವಲ್ಲ. ದಯವಿಟ್ಟು ಕೊಳ್ಳುವ ಮೊದಲು ನಿಮ್ಮ ಹಲಗೆ ಮಾಡಿದವರು ಕೊಟ್ಟ ಹೊಂದಿಕೆಯ ಪಟ್ಟಿ ನೋಡಿ. ಹೊಸ ಸ್ವಿಚ್ಚು ಹಾಕಿದ ಮೇಲೆ ತಂತ್ರಾಂಶದಲ್ಲಿ ಅಳತೆ ಮಾಡಿಸುವುದನ್ನೂ ಬಿಡಬೇಡಿ. ಪ್ರತಿ ಕೀಲಿಯನ್ನು ತಳದವರೆಗೆ ಒಮ್ಮೆ ಒತ್ತಿ ಬಿಡುವುದು, ಅಷ್ಟೇ ಕೆಲಸ.

ಉಳಿದ ಎರಡರಲ್ಲಿ ನನ್ನ ಕಿವಿ ಹಿಡಿದದ್ದು ಗೇಟೆರಾನ್ ಕಂಪೆನಿಯ ಮ್ಯಾಗ್ನೆಟಿಕ್ ಜೇಡ್. ಅದರ ತಳ ಮುಚ್ಚಿದೆ, ಒಟ್ಟು ಇಳಿತ 3.5 ಮಿಲಿಮೀಟರ್. ಆ ಅರ್ಧ ಮಿಲಿಮೀಟರ್ ಕಡಿಮೆಯಾದದ್ದು ಕಾಗದದ ಮೇಲೆ ಏನೂ ಅಲ್ಲ, ಬೆರಳಿಗೆ ಬಹಳ. ಬೇಗ ತಳ ಸಿಗುತ್ತದೆ, ಬೇಗ ಮೇಲೆ ಬರುತ್ತದೆ, ಸದ್ದು ಗಿಡ್ಡವಾಗಿ ಟೊಕ್ ಎಂದು ಮುಗಿಯುತ್ತದೆ, ಹಿಂದೆ ಬಾಲ ಇಲ್ಲ. ಇಡೀ ಹಲಗೆಗೆ ಅದನ್ನೇ ತರಿಸಿ ಹಾಕಿದೆ. ಆದರೂ ರಾತ್ರಿ ಕಿವಿಗೊಟ್ಟರೆ ಟೊಕ್ಕಿನ ಒಳಗೆ ತೆಳ್ಳಗೆ ಒಂದು ಝೇಂಕಾರ. ಅದು ಸ್ಪ್ರಿಂಗಿನದ್ದು.

ಒಂದು ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಬಿಳಿ ಮುಂಡು ಹಾಸಿ ಸ್ವಿಚ್ಚುಗಳನ್ನು ಬಿಚ್ಚಿದೆ. ಸ್ವಿಚ್ಚಿನ ಮೇಲಿನ ಮುಚ್ಚಳ ನಾಲ್ಕು ಕೊಂಡಿಯಲ್ಲಿ ಹಿಡಿದಿರುತ್ತದೆ. ಚಪ್ಪಟೆ ಮೊನೆಯಿಂದ ಮೆಲ್ಲ ಎಬ್ಬಿಸಿದರೆ ಬಿಟ್ಟುಕೊಳ್ಳುತ್ತದೆ. ಒಳಗೆ ಕಾಂಡ, ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಆಯಸ್ಕಾಂತ, ಕೆಳಗೆ ಕೂದಲೆಳೆಯಂಥ ಸ್ಪ್ರಿಂಗು. ಕಾಂಡ ಎತ್ತಿದೊಡನೆ ಸ್ಕ್ರೂಡ್ರೈವರಿಗೆ ಹೋಗಿ ಅಂಟಿಕೊಂಡಿತು. ಎರಡನ್ನು ಹತ್ತಿರ ಇಟ್ಟರೆ ಒಂದನ್ನೊಂದು ತಳ್ಳಿ ಜಗಲಿಯ ತುದಿಗೆ ಜಾರಿದವು. ಸ್ಪ್ರಿಂಗಿನ ಎರಡು ತುದಿಗೆ ಎಣ್ಣೆಯ ತೆಳು ಲೇಪ, ಕಾಂಡ ಉಜ್ಜುವ ಎರಡು ಬದಿಗೆ ಸಣ್ಣ ಕುಂಚದಿಂದ ಗ್ರೀಸ್, ಕಂಡೂ ಕಾಣದಷ್ಟು. ಹೆಚ್ಚಾದರೆ ಕೀಲಿ ಸೋಮಾರಿಯಾಗುತ್ತದೆ. ಗ್ರೀಸ್ ಆಗಲೇ ಕಾರ್ಖಾನೆಯಲ್ಲಿ ಹಚ್ಚಿರುತ್ತಾರೆ, ಎಲ್ಲವನ್ನೂ ಬಿಚ್ಚುವ ಅಗತ್ಯ ಇರಲಿಲ್ಲ. ಆದರೆ ಇಪ್ಪತ್ತು ಮಾಡಿದ ಮೇಲೆ ಮಾಡದ ಕೀಲಿಗಳೂ ಮಾಡಿದ ಕೀಲಿಗಳೂ ಬೇರೆ ಬೇರೆ ದನಿಯಲ್ಲಿ ಮಾತಾಡತೊಡಗಿದವು. ಹಾಗಾಗಿ 68ನ್ನೂ ಮಾಡಿದೆ. ಮೂರು ಭಾನುವಾರ.

ಸದ್ದಿನ ಕೊನೆಯ ಪಾಲು ಮೇಜಿನಲ್ಲಿತ್ತು. ನನ್ನದು ಹಲಸಿನ ಮರದ ಮೇಜು, ಅಜ್ಜನ ಕಾಲದ್ದು, ಕೆಳಗೆ ಸೆಳೆಖಾನೆ ಖಾಲಿ. ಚೆಂಡೆಯ ಒಡಲನ್ನು ಹಲಸಿನ ಮರದಿಂದ ಕೊರೆಯುವುದು ಸುಮ್ಮನೆ ಅಲ್ಲ. ಆ ಮರ ಸದ್ದನ್ನು ನುಂಗುವುದಿಲ್ಲ, ಹೊತ್ತು ಕಳಿಸುತ್ತದೆ. ಕೀಬೋರ್ಡಿನ ಒಳಗೆ ಏನೆಲ್ಲ ಮಾಡಿದರೂ ಮೇಜು ಅದನ್ನು ಹಲಗೆಯ ಗೋಡೆಗೆ ಮುಟ್ಟಿಸುತ್ತಿತ್ತು. ಕಪಾಟಿನ ಮೇಲಿದ್ದ ಹಳೆಯ ಓಲೆ ಚಾಪೆಯಿಂದ ಒಂದು ತುಂಡು ಕತ್ತರಿಸಿ ಎರಡು ಮಡಿಕೆ ಮಾಡಿ ಕೆಳಗಿಟ್ಟೆ. ಸೆಳೆಖಾನೆಯಲ್ಲಿ ಅಪ್ಪನ ನೋಟುಬುಕ್ಕುಗಳನ್ನು ತುಂಬಿದೆ. ಸದ್ದು ಅಲ್ಲೇ ಕೂತಿತು. ಫೋಮಿನ ಹಾಳೆಗೆ ಕೊಟ್ಟ ಹಣಕ್ಕಿಂತ ಈ ಓಲೆ ಚಾಪೆ ಹೆಚ್ಚು ಕೆಲಸ ಮಾಡಿತೆಂದು ಧೈರ್ಯವಾಗಿ ಹೇಳಬಲ್ಲೆ.

ಸ್ಪೇಸ್ ಬಾರ್ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಉದ್ದದ ಕೀಲಿಯಾದ್ದರಿಂದ ಅದರ ಎರಡು ತುದಿಗೆ ತಂತಿಯ ಆಧಾರ ಇರುತ್ತದೆ, ಆ ತಂತಿ ಲಟಲಟ ಎನ್ನುತ್ತದೆ. ಎರಡು ಸಲ ಬಿಚ್ಚಿ ಗ್ರೀಸ್ ಹಾಕಿದೆ. ಎಡಬದಿ ಸರಿಯಾಯಿತು, ಬಲಬದಿ ಇಲ್ಲ. ಬಲ ಹೆಬ್ಬೆರಳಿನಿಂದ ಹೊಡೆಯುವುದನ್ನು ಬಿಟ್ಟು ಎಡಕ್ಕೆ ಬದಲಾಯಿಸಿಕೊಂಡಿದ್ದೇನೆ.

ಈ ವರ್ಷ ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆ ಬೇಗ ಹಿಡಿಯಿತು. ಅಕ್ಷರ ಒಂದೂ ಎರಡಾಗಿಲ್ಲ. ಅಪ್ಪನ ಏಳನೆಯ ನೋಟುಬುಕ್ಕು ನಡೆಯುತ್ತಿದೆ, ಕೃಷ್ಣಸಂಧಾನದ ಟಿಪ್ಪಣಿ. ವಿದುರನ ಮನೆಯ ಸಂದರ್ಭಕ್ಕೆ ಅಪ್ಪ ಮೂರು ಬಗೆಯ ಅರ್ಥ ಬರೆದು, ಎರಡನ್ನು ಹೊಡೆದು ಹಾಕಿ, ಬದಿಯಲ್ಲಿ ಪೆನ್ಸಿಲಿನಿಂದ ‘ಇದು ಹೆಚ್ಚು ಮಾತಾಯಿತು’ ಎಂದು ಗುರುತು ಮಾಡಿಕೊಂಡಿದ್ದಾರೆ. ಹೊಡೆದು ಹಾಕಿದ್ದನ್ನೂ ಬಿಡದೆ ಏರಿಸುತ್ತಿದ್ದೇನೆ.

ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಮಳೆ ಬಿಟ್ಟಿತು. ಹಂಚಿನ ಅಂಚಿನಿಂದ ಹನಿ ಬೀಳುವುದು ಒಂದೊಂದೇ ಕೇಳುತ್ತಿತ್ತು. ನಾನು ಶ್ರೀಕೃಷ್ಣನ ಒಂದು ಉದ್ದದ ಮಾತಿನ ನಡುವೆ ಇದ್ದೆ. ಗೋಡೆಯಾಚೆಯಿಂದ ಅಬ್ಬೆ ಕೂಗಿದರು.

"ಮಗಾ, ಮನುಗಿದೆಯಾ?"

"ಇಲ್ಲೆ ಅಬ್ಬೆ, ಬರೆತ್ತಾ ಇದ್ದೆ."